ರಾಣಿಯ ಭುಜದ ಮಡಿಕೆ

ನನ್ನ ಸೋದರಮಾವ ಒಬ್ಬ ರಾಣಿಯ ಭುಜದ ಮೇಲೆ ಕಣ್ಣಿಟ್ಟಿದ್ದಾನೆ!

ತಪ್ಪು ತಿಳಿಯಬೇಡಿ. ಮಾವನಿಗೆ ಎಪ್ಪತ್ತು ದಾಟಿದೆ. ಶಿಕಾರಿಪುರದ ಬಸ್‌ಸ್ಟ್ಯಾಂಡ್ ಹತ್ತಿರ ಹೆಂಗಸರ ಬ್ಲೌಸ್ ಹೊಲಿಯುವ ಅಂಗಡಿ ಇದೆ, ಮನೆಯಲ್ಲಿ ಖಡಕ್ ಮಾತಿನ ಅತ್ತೆ ಇದ್ದಾಳೆ. ಈ ರಾಣಿ ಇರುವುದು ಕೆನಡಾ ದೇಶದ ಹಳೇ ಸೆಂಟ್ ಮೇಲೆ. ನಮ್ಮ ಹಳೇ ನಾಲ್ಕಾಣೆಯಷ್ಟಗಲದ ತಾಮ್ರದ ಬಿಲ್ಲೆ, ಒಂದು ಕಡೆ ಎಲೆ, ಇನ್ನೊಂದು ಕಡೆ ರಾಣಿ. ಅವಳ ಉಡುಪಿನ ಭುಜದಲ್ಲಿ ಮಡಿಕೆ ಇದೆಯೋ ಇಲ್ಲವೋ ಎಂಬುದೇ ಮಾವನ ಜೀವನದ ಪ್ರಶ್ನೆ!

ಶಿಕಾರಿಪುರಕ್ಕೆ ಕೆನಡಾ ಎಲ್ಲಿಂದ ಬಂತು ಅಂತೀರಾ? ಶಿರಾಳಕೊಪ್ಪದ ಸಂತೆಯಿಂದ. ಅಲ್ಲೊಬ್ಬ ಗುಜರಿಯವನ ಹತ್ತಿರ ಮಾವ ಹಳೇ ಹಿತ್ತಾಳೆ ಗುಂಡಿಗಳ ಡಬ್ಬವೊಂದನ್ನು ಕೊಂಡ. ಮನೆಗೆ ತಂದು ಸುರಿದರೆ ಮುಕ್ಕಾಲು ಪಾಲು ಸೆಂಟುಗಳು! ಬೇರೆಯವರಾಗಿದ್ದರೆ ಗುಜರಿಯವನ ಕೊರಳಪಟ್ಟಿ ಹಿಡಿಯುತ್ತಿದ್ದರು. ಮಾವ ಒಂದೇ ಇಸವಿಯ ಎರಡು ಸೆಂಟನ್ನು ಬೆಳಕಿಗೆ ಹಿಡಿದು ನೋಡಿದ. "ಅಲಲಲಾ! ಈಕಿ ಭುಜದಾಗೆ ಮಡಿಕೆ ಐತಿ, ಈಕಿ ಭುಜದಾಗೆ ಇಲ್ಲ. ಹೆಂಗಸು ಒಬ್ಬಾಕೀನೇ, ಹೊಲಿಗೆ ಬ್ಯಾರೆ!" ಎಂದು ಕೂಗಿದ.

ಮೊಬೈಲಿನಲ್ಲಿ ವಿಡಿಯೋ ಹುಡುಕಿದರೆ ಮಾವ ಹೇಳಿದ್ದೇ ನಿಜ! ಮೊದಲ ಅಚ್ಚಿನಲ್ಲಿ ಮಡಿಕೆ ಸರಿಯಾಗಿ ಮೂಡದೆ, ತಿದ್ದಿ ಬೇರೆ ಅಚ್ಚು ಮಾಡಿದರಂತೆ. ಆದರೂ 1955ರಲ್ಲಿ ಹಳೇ ಅಚ್ಚು ಹೇಗೋ ನುಸುಳಿಕೊಂಡು ಒಂದಷ್ಟು ಸೆಂಟು ಮಡಿಕೆಯಿಲ್ಲದೆ ಬಂದುಬಿಟ್ಟವಂತೆ. ಅದು ಬಲು ಅಪರೂಪವಂತೆ. ಇಂಗ್ಲಿಷ್ ಬಾರದ ಮಾವ ಬರೀ ವಿಡಿಯೋದವರ ಕೈಬೆರಳು ನೋಡಿಯೇ ಅಷ್ಟೂ ಕಲಿತ. ಇಪ್ಪತ್ತು ವರ್ಷ ಪಾಠ ಮಾಡಿದ ನನಗೆ ಅಂಥ ಒಬ್ಬ ವಿದ್ಯಾರ್ಥಿ ಸಿಗಲಿಲ್ಲ.

"ಭುಜ ಒಂದೇ ನೋಡಿದ್ರೆ ಸಾಲದವ್ವ. ಸವೆದ್ರೂ ಮಡಿಕೆ ಹೋಗ್ತೈತಿ. ಸುತ್ತ ಇಂಗ್ಲಿಷ್ ಅಕ್ಷರ ಅದಾವಲ್ಲ, ಅದರಾಗೆ 'ಐ' ಅನ್ನೋದರ ಕಾಲು ನೋಡು. ಹಳೇ ಅಚ್ಚಿಂದಾದ್ರೆ ತುದಿ ಅಗಲ, ಹೊಸದಾದ್ರೆ ನೆಟ್ಟಗೆ" ಎಂದು ಮಾವ ಎರಡು ಸಲ ಹೇಳಿದ. ಸೊರಬದ ಹೈಸ್ಕೂಲ್ ಟೀಚರಾದ ನಾನು ಉತ್ತರಪತ್ರಿಕೆ ತಿದ್ದುತ್ತ "ಹೂಂ ಮಾವ, ಹೂಂ" ಅಂದೆ. ನನ್ನ ಕ್ಲಾಸಿನಲ್ಲಿ ಯಾರಾದರೂ ಹಾಗೆ ಹೂಂಗುಟ್ಟಿದರೆ ಎದ್ದು ನಿಲ್ಲಿಸುತ್ತೇನೆ!

ಅಂಗಡಿಯ ಕಥೆ ಕೇಳಬೇಡಿ. "ಏನ್ರೀ ಟೈಲರ್ರೇ, ಮದುವೆ ನಾಳೆ ಐತ್ರೀ, ನನ್ನ ಬ್ಲೌಸ್ ಎಲ್ರೀ?" ಎಂದು ಒಬ್ಬಾಕೆ ಗಂಟಲು ಹರಿದುಕೊಂಡರೆ, ಮಾವ ಭೂತಗನ್ನಡಿಯಿಂದ ತಲೆ ಎತ್ತದೆ, "ತಡೀರಿ ತಾಯಿ, ರಾಣೀದೇ ಇನ್ನೂ ಮುಗಿದಿಲ್ಲ" ಅಂದ!

ಒಮ್ಮೆ ಎಲ್ಲರೂ ಗುಡವಿಗೆ ಹಕ್ಕಿ ನೋಡಲು ಹೋದೆವು. ನಾವೆಲ್ಲ ಕೆರೆಯ ಕಡೆ ಬಾಯಿ ತೆರೆದು ನಿಂತಿದ್ದರೆ ಮಾವ ಬೈನಾಕ್ಯುಲರನ್ನು ತಿರುವುಮುರುವು ಹಿಡಿದು ಜೇಬಿನ ಸೆಂಟು ನೋಡುತ್ತಿದ್ದ. "ಉಲ್ಟಾ ಹಿಡಿದ್ರೆ ಇದು ಭೂತಗನ್ನಡೀನೇ ಕಣವ್ವ!" ಪಕ್ಕದಲ್ಲಿದ್ದವರೂ ಹಕ್ಕಿ ಬಿಟ್ಟು ರಾಣಿಯನ್ನು ನೋಡಲು ಸಾಲುಗಟ್ಟಿದರು. ಅತ್ತೆಗೆ ತಡೆಯಲಾಗಲಿಲ್ಲ.

"ಮದುವೆಯಾಗಿ ಇಷ್ಟು ವರ್ಷ ಆತು. ಒಂದಿನ ನನ್ನ ಹಿಂಗೆ ಗಾಜು ಹಿಡಿದು ನೋಡೀರೇನು?"

"ನಿಂದು ಒಂದೇ ಅಚ್ಚು ಮಾರಾಯ್ತಿ. ಹೋಲಿಸಿ ನೋಡಾಕೆ ಇನ್ನೊಂದು ಎಲ್ಲೈತಿ?"

ಅತ್ತೆ ಆ ದಿನವೆಲ್ಲ ಜಗಳವಾಡಲಿಲ್ಲ.

ಇಷ್ಟಾದರೂ 1955ರ ಮಡಿಕೆಯಿಲ್ಲದ ರಾಣಿ ಮಾತ್ರ ಮಾವನಿಗೆ ಸಿಗಲಿಲ್ಲ. ಹೋದ ವರ್ಷ ದೀಪಾವಳಿಗೆ ನನಗೊಂದು ಬ್ಲೌಸ್ ಹೊಲಿದುಕೊಟ್ಟ. ಹಾಕಿಕೊಂಡರೆ ಎರಡೂ ತೋಳು ಎಡಗೈಯದೇ! ನಾನು ನಗುತ್ತ ಫೋನ್ ಮಾಡಿದೆ. ಆ ಕಡೆ ಅತ್ತೆ ನಗಲಿಲ್ಲ. ಮಾವನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಬಲಿತುಬಿಟ್ಟಿದೆ, ತಡಮಾಡಿದರೆ ಕಷ್ಟ ಎಂದು ಶಿವಮೊಗ್ಗದ ಡಾಕ್ಟರು ಹೇಳಿದ್ದರಂತೆ. ಮಾವ ಮಾತ್ರ ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ.

ನಾನೇ ಹೋಗಿ ಬೇಡಿಕೊಂಡೆ. "ಆಪರೇಷನ್ ಕೆಟ್ಟರೆ ಏನ್ ಗತಿಯವ್ವ? ಅದೊಂದು ಸೆಂಟು ಕಣ್ತುಂಬ ನೋಡಿಬಿಡ್ತೀನಿ, ಆಮ್ಯಾಲೆ ಕತ್ತರಿ ಹಾಕಿಸ್ಕೊಂತೀನಿ" ಎಂದ. ಜೀವನವಿಡೀ ಕತ್ತರಿ ಹಿಡಿದವನಿಗೆ ಕತ್ತರಿಯ ಭಯ!

ನಾನೊಂದು ಘನಕಾರ್ಯ ಮಾಡಿದೆ. ಮಾವನ ಡಬ್ಬದಲ್ಲಿ ಮಡಿಕೆಯಿದ್ದ 1955ರ ಸೆಂಟುಗಳು ಬೇಕಾದಷ್ಟಿದ್ದವು. ಒಂದನ್ನು ಕದ್ದು ಸೊರಬಕ್ಕೆ ತಂದು, ಉಗುರು ಉಜ್ಜುವ ಅರದಿಂದ ರಾಣಿಯ ಭುಜ ಉಜ್ಜಿದೆ. ಮಡಿಕೆ ಹೋಯಿತು. ಆದರೆ ಭುಜ ಫಳಫಳ ಹೊಳೆಯತೊಡಗಿತು! ಕೊಬ್ಬರಿ ಎಣ್ಣೆ, ಒಲೆಯ ಮಸಿ ಸವರಿ ಸರಿಮಾಡಿದೆ. ಮಕ್ಕಳು ಕಾಪಿ ಹೊಡೆದರೆ ಪತ್ರಿಕೆ ಕಿತ್ತುಕೊಳ್ಳುವ ನಾನು ಮಾಡುವ ಕೆಲಸವೇ ಇದು?

"ಮಾವ, ಶಿರಾಳಕೊಪ್ಪದ ಅದೇ ಗುಜರಿಯವರ ಹತ್ತಿರ ಸಿಕ್ತು" ಎಂದು ಸುಳ್ಳು ಹೇಳಿ ಕೈಗಿಟ್ಟೆ. ಮಾವ ಅದನ್ನು ಕಣ್ಣಿಗೆ ತೀರ ಹತ್ತಿರ ಹಿಡಿದ. ಹೆಬ್ಬೆರಳ ಉಗುರಿನಿಂದ ಮೆಲ್ಲಗೆ ಸವರಿದ. ಸುತ್ತಲಿನ ಅಕ್ಷರಗಳ ಮೇಲೂ ಉಗುರಾಡಿಸಿದ. ನನ್ನ ಮುಖದ ಕಡೆ ನೋಡಿದ. ಆಮೇಲೆ, "ಸಿಕ್ತು ಬಿಡವ್ವ. ನಡಿ, ಶಿವಮೊಗ್ಗಕ್ಕೆ ಹೋಗಾಣ" ಎಂದ.

ಒಂದಾದ ಮೇಲೊಂದು ಎರಡೂ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಎಲ್ಲರಿಗೂ ಖುಷಿ. ನನಗೆ ಮಾತ್ರ ದಿಗಿಲು! ಇನ್ನು ಮಾವನಿಗೆ ಎಲ್ಲವೂ ನಿಚ್ಚಳವಾಗಿ ಕಾಣುತ್ತದಲ್ಲ!

ಮಾವ ಕಪ್ಪು ಕನ್ನಡಕ ತೆಗೆದ ಮೇಲೆ ಅಂಗಡಿಗೆ ಹೋದೆ. ಮಾವ ಹೊಸ ಕಣ್ಣುಗಳಿಂದ ಸೂಜಿಗೆ ತಾನೇ ದಾರ ಪೋಣಿಸುತ್ತ ಕೂತಿದ್ದ. "ಸೆಂಟಿನ ಆಲ್ಬಮ್ ನೋಡ್ತಿರು, ಚಾ ಹೇಳಿಬರ್ತೀನಿ" ಎಂದು ಎದ್ದ. ತೆರೆದೆ. ಪ್ರತಿ ಸೆಂಟಿನ ಕೆಳಗೂ ಮಾವನ ಕೈಬರಹದ ಚೀಟಿ, ಮಿಷನ್ ಹೊಲಿಗೆಯಷ್ಟು ನೇರ ಸಾಲು. ನಾನು ಕೊಟ್ಟಿದ್ದರ ಚೀಟಿ ಮಾತ್ರ ಸೊಟ್ಟಸೊಟ್ಟ, ಅಕ್ಷರದ ಮೇಲೆ ಅಕ್ಷರ ಹತ್ತಿತ್ತು. ಕಣ್ಣಲ್ಲಿ ಪೊರೆ ತುಂಬಿಕೊಂಡಿದ್ದಾಗಲೇ ಬರೆದಿದ್ದು ಅದು.

"1955. ಮಡಿಕೆ ಇಲ್ಲ. ಐ ಕಾಲು ನೆಟ್ಟಗೇ ಐತಿ. ನನ್ನ ಕಣ್ಣು ಉಳೀಲಿ ಅಂತ ತಂಗಿ ಮಗಳು ಅರ ಹಾಕಿದ್ದು. ಪ್ರಪಂಚದಾಗೆ ಇದು ಒಂದೇ."

ಮಾವನಿಗೆ ಆವತ್ತೇ ಗೊತ್ತಿತ್ತು. ಗೊತ್ತಿದ್ದೂ, ಅಷ್ಟು ಹೆದರಿಕೆ ಇಟ್ಟುಕೊಂಡೂ, ನನ್ನ ಮಾತಿಗೆ ಆಪರೇಷನ್ ಮಾಡಿಸಿಕೊಂಡಿದ್ದ. ನನಗೆ ಅಳು ತಡೆಯಲಾಗಲಿಲ್ಲ.

ಚಾ ಹೇಳಿ ಬಂದ ಮಾವ ಆಲ್ಬಮ್ ನೋಡಿದ, ನನ್ನನ್ನು ನೋಡಿದ. ಕೊರಳಲ್ಲಿದ್ದ ಟೇಪು ತೆಗೆದು ನನ್ನ ಹಿಂದೆ ಬಂದು ನಿಂತ.

"ಎರಡು ಸಲ ಹೇಳಿದ್ದೆ, ಐ ಕಾಲು ನೋಡು ಅಂತ. ಪಾಠ ಕೇಳಲಿಲ್ಲ ನೀನು" ಎಂದ. "ಸುಮ್ಕೆ ನಿಂತ್ಕೊಳವ್ವ. ಅತ್ತರೆ ಭುಜ ಅಲ್ಲಾಡ್ತೈತಿ, ಅಳತೆ ಸಿಗಂಗಿಲ್ಲ. ಈ ಸಲ ಬಲಗೈ ತೋಳೂ ಹೊಲೀಬೇಕು."