ಹೂಂಗುಟ್ಟಿದ ಹಗೇವು

ಟಿಕೋಟಾದ ಗೊಲ್ಲಾಳಪ್ಪನ ಮನೆಯಲ್ಲಿ ಒಂದು ಒಣ ಮೆಣಸಿನಕಾಯಿ ಮೂರು ದಿನ ದುಡಿಯುತ್ತಿತ್ತು. ಮೊದಲ ದಿನ ಒಗ್ಗರಣೆಗೆ ಬಿದ್ದು, ಬೆಂದ ಮೇಲೆ ಸೌಟಿನ ತುದಿಯಿಂದ ಹೊರಬಂದು, ತೊಳೆಸಿಕೊಂಡು ಗೂಡಿನಲ್ಲಿ ಒಣಗುತ್ತಿತ್ತು. ಎರಡನೆಯ ದಿನ ಮತ್ತೆ ಸಾರಿಗೆ ಇಳಿಯುತ್ತಿತ್ತು. ಮೂರನೆಯ ದಿನ ಉಪ್ಪಿನ ಜೊತೆ ಅರೆದು ರೊಟ್ಟಿಗೆ ಹಚ್ಚುವ ಹೊತ್ತಿಗೆ ಅದರಲ್ಲಿ ಖಾರ ಇರುತ್ತಿರಲಿಲ್ಲ, ಮೆಣಸಿನಕಾಯಿ ಎಂಬ ಹೆಸರಷ್ಟೇ ಉಳಿದಿರುತ್ತಿತ್ತು. ಎಣ್ಣೆಯದೂ ಹಾಗೆಯೇ. ಕಡ್ಡಿಯ ತುದಿಗೆ ಅರಿವೆ ಸುತ್ತಿ, ಎಣ್ಣೆಯಲ್ಲಿ ಅದ್ದಿ, ಜ್ವರ ಬಂದವರ ಹಣೆ ಮುಟ್ಟಿದಂತೆ ಹಂಚನ್ನು ಒಮ್ಮೆ ಮುಟ್ಟಿ ತೆಗೆಯಬೇಕು. ಇದು ಗೊಲ್ಲಾಳಪ್ಪ ಹಾಕಿಕೊಟ್ಟ ಕಟ್ಟಳೆ.

ಕಾರಣ ಅವನ ಮನೆಯ ಪಡಸಾಲೆ. ಅದರ ತೊಲೆ ಹಳೆಯ ಹಗ್ಗದ ಹೊರಸಿನ ಹಾಗೆ ಜೋತು ಬಿದ್ದಿತ್ತು, ಮಾಳಿಗೆ ನಾಲ್ಕು ಕಡೆ ಸೋರುತ್ತಿತ್ತು. ಮಗಳು ಚಂದ್ರಾಬಾಯಿಯನ್ನು ನೋಡಲು ಬಬಲೇಶ್ವರದಿಂದ ಗಂಡಿನ ಕಡೆಯವರು ದೀಪಾವಳಿ ಕಳೆದ ಮೇಲೆ ಬರುವವರಿದ್ದರು. ಅಷ್ಟರೊಳಗೆ ಹೊಸ ತೊಲೆ, ಹೊಸ ಜಂತಿ, ಮೇಲೆ ಹೊಸ ಮಣ್ಣು. ವಿಜಾಪುರದ ಅಡತಿ ಅಂಗಡಿಯಲ್ಲಿ ಮಂದಿಯ ಜೋಳ ತೂಗಿ ತಿಂಗಳಿಗೆ ಅರವತ್ತು ರೂಪಾಯಿ ತರುವವನು ಉಳಿಸಬೇಕೆಂದರೆ ಹೊಟ್ಟೆಯಲ್ಲಿಯೇ ಉಳಿಸಬೇಕು.

ಆ ವರ್ಷ, ಅಂದರೆ ಅರವತ್ತಮೂರನೆಯ ಇಸವಿಯ ಬೇಸಗೆಯಲ್ಲಿ, ಸರಕಾರದ ಕಡೆಯ ಒಬ್ಬ ಹೆಂಗಸು ಚಾವಡಿಗೆ ಬಂದು ಕಟ್ಟಿಗೆ ಉಳಿಸುವ ಒಂದು ಅಡುಗೆ ತೋರಿಸಿ ಹೋಗಿದ್ದಳು. ಗಡಿಗೆಯನ್ನು ಒಂದು ಕುದಿ ಬರಿಸಿ, ಬಾಯಿ ಮುಚ್ಚಿ, ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟರೆ ಅದು ತನ್ನ ಬಿಸಿಗೆ ತಾನೇ ಬೇಯುತ್ತದೆ. ಊರವರು ಚಪ್ಪಾಳೆ ಹೊಡೆದು ಮರೆತರು. ಗೊಲ್ಲಾಳಪ್ಪ ಮಾತ್ರ ಚಪ್ಪಾಳೆ ಹೊಡೆಯದೆ ಕುಳಿತಿದ್ದ, ಅವನ ಮನಸ್ಸಿನಲ್ಲಿ ಕಟ್ಟಿಗೆಯ ಹೊರೆಗಳು ಒಂದೊಂದಾಗಿ ಉಳಿಯುತ್ತ ಬಂದಿದ್ದವು.

ಪೆಟ್ಟಿಗೆಗೆ ರೊಕ್ಕ ಯಾಕೆ? ಪಡಸಾಲೆಯ ನಡುಗಂಬದ ಬುಡದಲ್ಲಿ ಹಿರಿಯರು ತೋಡಿಸಿದ ಹಗೇವು ಇತ್ತು. ಜೋಳ ತುಂಬಿಡುವ ನೆಲದೊಳಗಿನ ಕಣಜ ಅದು. ಆಳ ಆಳೆತ್ತರ, ಬಾಯಿ ಮಾತ್ರ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು. ಎಂಟು ವರ್ಷದಿಂದ ಬರಿದಾಗಿಯೇ ಇತ್ತು. ಗೊಲ್ಲಾಳಪ್ಪ ಅದಕ್ಕೆ ಹುಲ್ಲು ತುಂಬಿದ. ದಿನಾ ಮುಂಜಾನೆ ಹೆಂಡತಿ ಸೀತವ್ವ ಕುದಿಯುವ ನುಚ್ಚಿನ ಗಡಿಗೆಯ ಬಾಯಿಗೆ ಹಿಟ್ಟು ಮೆತ್ತಿ, ಕೌದಿ ಸುತ್ತಿ, ಹಗ್ಗ ಕಟ್ಟಿ ಅದರೊಳಗೆ ಇಳಿಸಿ ಮೇಲೆ ಬಂಡೆ ಮುಚ್ಚುತ್ತಿದ್ದಳು. ಐದು ತಿಂಗಳು ಹೀಗೆ ನಡೆಯಿತು. ಗಡಿಗೆ ಇಳಿದ ಮೇಲೆ ಸ್ವಲ್ಪ ಹೊತ್ತು ಒಳಗಿನಿಂದ ಗುಂಯ್ ಎಂದು ಸಣ್ಣ ಸದ್ದು ಬರುವುದು, ಆಮೇಲೆ ನಿಲ್ಲುವುದು.

ಈ ಗುಟ್ಟು ಹೊಸಲು ದಾಟಿರಲಿಲ್ಲ, ದಾಟಬಾರದಾಗಿತ್ತು. ಯಾಕೆಂದರೆ ಗಂಡಿನ ಕಡೆಯವರಿಗೆ ಗೊಲ್ಲಾಳಪ್ಪ, "ನಮ್ಮ ಹಗೇವ ತುಂಬ ಜೋಳ ಐತ್ರಿ" ಎಂದು ಹೇಳಿಬಿಟ್ಟಿದ್ದ.

ಮಹಾನವಮಿ ಅಮಾವಾಸ್ಯೆ ಬಂತು. ಸತ್ತ ಹಿರಿಯರಿಗೆ ಎಡೆ ಇಡುವ ದಿನ. ಅಡತಿ ಅಂಗಡಿಗೆ ರಜೆ, ಹೊಲದಲ್ಲಿ ಎತ್ತು ಹೂಡುವುದಿಲ್ಲ, ಓಣಿಯಲ್ಲಿ ಗಾಳಿಯೂ ರಜೆಯಲ್ಲಿದ್ದಂತೆ ಇತ್ತು. ಎಲ್ಲರ ಮನೆಯಿಂದ ಹೋಳಿಗೆಯ ವಾಸನೆ ಬರುತ್ತಿರುವಾಗ ಗೊಲ್ಲಾಳಪ್ಪನ ಹಿರಿಯರಿಗೆ ಈ ಸಲ ನುಚ್ಚು, ಪುಂಡಿಪಲ್ಲೆ ಎಂದು ನಿಶ್ಚಯವಾಗಿತ್ತು.

"ಏನ್ರಿ, ಇಲ್ಲಿ ಬರ್ರಿ," ಸೀತವ್ವ ಮೆಲ್ಲಗೆ ಕರೆದಳು. "ಗಡಗಿ ಇಳಿಸಿ ಎರಡ ತಾಸ ಆತು. ಇನ್ನೂ ಸದ್ದ ಬರಾಕತ್ತೈತಿ."

ಗೊಲ್ಲಾಳಪ್ಪ ಕಿವಿಗೊಟ್ಟ. ದಿನದ ಗುಂಯ್ ಅಲ್ಲ. ನೆಲದೊಳಗಿನಿಂದ, ಬಹಳ ದಣಿದವರು ಮಗ್ಗಲು ಬದಲಿಸಿದಂತೆ, ಒಂದು ಉದ್ದನೆಯ "ಹೂಂ..." ಬಂತು.

"ಹಿಟ್ಟ ಸಡ್ಲ ಮೆತ್ತೀದಿ. ಉಗಿ ಹೊಂಟೈತಿ," ಎಂದ, ತನಗೇ ಹೇಳಿಕೊಂಡಂತೆ.

ಅದೇ ಹೊತ್ತಿಗೆ ಎದುರುಮನೆಯ ಮುರಿಗೆವ್ವ ಕೈಯಲ್ಲಿ ಒಡೆದ ಮಡಿಕೆಯ ಬೋಕಿ ಹಿಡಿದು ಒಳಗೆ ಬಂದಳು. "ಒಂದೀಟ ಕೆಂಡ ಕೊಡಬೇ ಸೀತವ್ವಾ... ಅಯ್ಯ! ಹಬ್ಬದ ದಿನ ಒಲಿ ಆರೈತಲ್ಲ?"

ಮುರಿಗೆವ್ವನ ತವರು ಬಬಲೇಶ್ವರ. ಇವಳ ಕಿವಿಗೆ ಬಿದ್ದದ್ದು ಸಂಜೆಯ ಬಸ್ಸಿಗೆ ಅಲ್ಲಿ ಇಳಿಯುತ್ತಿತ್ತು.

ಸೀತವ್ವ ಬಾಯಿ ತೆರೆಯುವ ಮೊದಲೇ ನೆಲ ಮಾತಾಡಿತು. "ಹೂಂ..."

ಮುರಿಗೆವ್ವನ ಬೋಕಿ ಕೈಯಿಂದ ಬಿದ್ದು ಎರಡಾಯಿತು. "ಯಣ್ಣಾ, ಒಳಗ ಯಾರ ಅದಾರ?"

"ಬೆಕ್ಕ," ಎಂದ ಗೊಲ್ಲಾಳಪ್ಪ.

"ಬಂಡಿ ಮುಚ್ಚಿದ ಹಗೇವಿನ್ಯಾಗ ಬೆಕ್ಕ ಹ್ಯಾಂಗ ಹೋತು?"

"ಬೆಕ್ಕಲ್ಲ, ಜೋಳ. ಜೋಳ ಬಿಸಿ ಹಿಡದರ ಹಂಗ ಉಸರ ಬಿಡತೈತಿ."

ಮುರಿಗೆವ್ವ ಅವನ ಮುಖ ನೋಡಿದಳು, ಬಂಡೆಯ ಕಡೆ ನೋಡಿದಳು. ಅವಳ ದನಿ ತಗ್ಗಿತು. "ನಮ್ಮತ್ತಿ ಹೇಳತಿದ್ಲು. ನಿಮ್ಮ ಮುತ್ತ್ಯಾನ ಕಾಲದಾಗ ರಾಯಪ್ಪ ಅನ್ನೋ ಆಳಮಗ ಜೋಳ ತಗ್ಯಾಕ ಈ ಹಗೇವಿನ್ಯಾಗ ಇಳದನಂತ. ಮ್ಯಾಲ ಬರಲಿಲ್ಲಂತ. ಉಂಡಿದ್ದಿಲ್ಲಂತ ಯಣ್ಣಾ, ಬಂದ ಉಣ್ಣತೀನಿ ಅಂತ ಹೇಳಿ ಇಳದಿದ್ದನಂತ."

ಗೊಲ್ಲಾಳಪ್ಪನೂ ಆ ಮಾತು ಚಿಕ್ಕವನಿದ್ದಾಗ ಕೇಳಿದ್ದ. ತುಂಬ ದಿನ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಇರುತ್ತದೆ, ಇಳಿದವರು ಹೀಗೆ ಹೋಗುವುದುಂಟು. ನುಚ್ಚಿನ ಗಡಿಗೆಯೇ ಸದ್ದು ಮಾಡುತ್ತಿದೆ ಎಂದು ಅವನಿಗೆ ಗೊತ್ತು. ಗೊತ್ತಿದ್ದರೂ ಬೆನ್ನಹುರಿಯಲ್ಲಿ ತಣ್ಣೀರಿನ ಗೆರೆಯೊಂದು ಇಳಿಯಿತು.

ಅರ್ಧ ತಾಸಿನಲ್ಲಿ ಪಡಸಾಲೆ ತುಂಬಿತು. ಮುರಿಗೆವ್ವ ಹೋದಲ್ಲಿ ಡಂಗುರದವರಿಗೆ ಕೆಲಸ ಇರುತ್ತಿರಲಿಲ್ಲ. ಹೋಳಿಗೆ ಲಟ್ಟಿಸುವ ಕೈಯಲ್ಲೇ ಹೆಂಗಸರು ಬಂದರು. ಹಿತ್ತಲೋಣಿಯ ಮನೆ ಕಟ್ಟುವ ಗೌಂಡಿ ಬುಡ್ಡೇಸಾಬ ಬಂದು ಬಾಗಿಲಿಗೆ ಒರಗಿ ನಿಂತ. ಎಲ್ಲರಿಗೂ ದಾರಿ ಬಿಡಿಸುತ್ತ ಓಣಿಯ ಹಿರಿಯ ಈರಯ್ಯನವರು ಬಂದರು. ಮದುವೆ, ಮೈಲಿಗೆ, ದನದ ರೋಗ, ದೆವ್ವ ಎಲ್ಲಕ್ಕೂ ಈರಯ್ಯನವರ ಬಳಿ ಒಂದು ಮಾತು ಸಿದ್ಧ ಇರುತ್ತಿತ್ತು. ಯಾರೂ ಕೇಳದಿದ್ದರೂ ಅವರು ಹೇಳುತ್ತಿದ್ದರು.

ಅವರು ಬಂಡೆಯ ಪಕ್ಕ ಕುಳಿತು ಕೋಲಿನಿಂದ ಮೂರು ಸಲ ತಟ್ಟಿದರು. ಬೆಳಕಿಂಡಿಯಿಂದ ಬಿಸಿಲಿನ ಒಂದು ಕೋಲು ಇಳಿದು ಅವರ ಬೋಳುತಲೆಯ ಮೇಲೆ ನಿಂತಿತ್ತು.

"ರಾಯಪ್ಪಾ, ಇದ್ದೀಯೇನಪಾ?"

ಎಲ್ಲರೂ ಕಾದರು. ಆಳದಿಂದ ಬಂತು: "ಹೂಂ."

ಹೆಂಗಸರು ಸೆರಗು ಬಾಯಿಗೆ ಒತ್ತಿದರು.

"ಹಸದೀಯೇನು?"

"ಹೂಂ..." ಈ ಸಲ ಇನ್ನೂ ಉದ್ದ. ಜೊತೆಗೇ ಮೇಲಿನಿಂದ ಸಣ್ಣ ಮಣ್ಣು ಸುರಿದು ಎಲ್ಲರ ತಲೆಯ ಮೇಲೆ ಬಿತ್ತು.

"ಮಣ್ಣ ತೂರಾಕತ್ತಾನ!" ಮುರಿಗೆವ್ವ ಚೀರಿದಳು. "ಸಿಟ್ಟ ಬಂದೈತಿ ಅವಗ!"

ಹಿಂದೆ ನಿಂತ ಒಬ್ಬಾಕೆ ಧೈರ್ಯ ಮಾಡಿ, "ರಾಯಪ್ಪಾ, ನಮ್ಮ ಎಮ್ಮಿ ಗಬ್ಬ ಐತೇನೋ?" ಎಂದು ಕೇಳಿದಳು. ಹಗೇವು ಬಹಳ ಹೊತ್ತು ವಿಚಾರ ಮಾಡಿತು. "ಹೂಂ" ಎಂದಿತು. ಆಕೆ ಅಲ್ಲಿಯೇ ನೆಲಕ್ಕೆ ಹಣೆ ಹಚ್ಚಿದಳು.

ಈರಯ್ಯನವರು ಎದ್ದು ನಿಂತು ತೀರ್ಪು ಕೊಟ್ಟರು. "ಗೊಲ್ಲಾಳಪ್ಪಾ, ಕೇಳ ತಮ್ಮಾ. ಹಸದ ಸತ್ತ ಜೀವ. ಅವನ ಹೆಸರಲೆ ಇಡೀ ಓಣಿಗೆ ಊಟ ಹಾಕಬೇಕು. ಹೋಳಿಗಿ, ತುಪ್ಪ, ಹುಗ್ಗಿ, ಬದ್ನಿಕಾಯಿ ಎಣ್ಣಿಗಾಯಿ. ಕಡಿಮಿ ಮಾಡಿದ್ಯೋ, ಮನಿ ನುಂಗತಾನ."

ಎಣ್ಣೆಗಾಯಿ! ಆ ಒಂದು ಪಲ್ಯಕ್ಕೆ ಹೋಗುವ ಎಣ್ಣೆಯಲ್ಲಿ ಗೊಲ್ಲಾಳಪ್ಪನ ಕಡ್ಡಿ ಒಂದು ವರ್ಷ ಈಜಾಡಬಹುದಿತ್ತು. ಅವನ ಕೈ ಸೊಂಟದ ಚೀಲಕ್ಕೆ ಹೋಯಿತು. ಐದು ತಿಂಗಳ ಉಳಿತಾಯದ ಜೊತೆ ಸೀತವ್ವನ ಬಳೆ ಮಾರಿ ಬಂದ ಹಣ ಸೇರಿ ಮುನ್ನೂರ ನಲವತ್ತು ರೂಪಾಯಿ ಅಲ್ಲಿತ್ತು, ಬುಡ್ಡೇಸಾಬ ಹೇಳಿದ ತೊಲೆ ಜಂತಿಗಳ ಲೆಕ್ಕಕ್ಕೆ ಸರಿಯಾಗಿ. ಒಂದು ಕಡೆ ಮಾನ, ಇನ್ನೊಂದು ಕಡೆ ರೊಕ್ಕ. ಹಗಲೆಲ್ಲ ತಕ್ಕಡಿ ಹಿಡಿಯುವವನಿಗೆ ತೂಗಲು ತಡವಾಗಲಿಲ್ಲ.

"ಅಯ್ನಾರ, ರಾಯಪ್ಪನೂ ಇಲ್ಲ ಯಾರೂ ಇಲ್ಲ! ನಾ ತೋರಸತೀನಿ, ಸರೀರಿ!" ಎಂದವನೇ ಬಂಡೆ ಸರಿಸಿ ಹಗ್ಗ ಜಗ್ಗತೊಡಗಿದ.

ಹಗೇವಿನ ಬಾಯಿಯಿಂದ ಬಿಸಿಯಾದ, ಹಸಿಯಾದ, ಕೊಳೆತ ಹುಲ್ಲಿನ ನಾತ ಮೇಲೆ ಬಂತು. ಅದರ ಹಿಂದೆ, ಕೌದಿಯಲ್ಲಿ ಸುತ್ತಿದ ಗುಂಡನೆಯ ಗಂಟೊಂದು ಹಗ್ಗದ ತುದಿಯಲ್ಲಿ ತೂಗಾಡುತ್ತ ಕತ್ತಲೆಯಿಂದ ಎದ್ದು ಬಂತು. ಅದರ ಮೈಯಿಂದ ಹಬೆ ಏಳುತ್ತಿತ್ತು.

"ತಲಿ! ರಾಯಪ್ಪನ ತಲಿ!" ಯಾರೋ ಕೂಗಿದರು.

ಮಂದಿ ಒಬ್ಬರ ಮೇಲೊಬ್ಬರು ಬಿದ್ದು ಬಾಗಿಲಿನಿಂದ ಹೊರಗೆ ಸುರಿದರು. ಈರಯ್ಯನವರು ಕೋಲು ಬಿಟ್ಟು ಎಲ್ಲರಿಗಿಂತ ಮೊದಲು ಓಣಿಯಲ್ಲಿದ್ದರು. "ನಿಲ್ರಿ, ನಿಲ್ರಿ, ನೋಡ್ರಿ!" ಎನ್ನುತ್ತ ಗೊಲ್ಲಾಳಪ್ಪ ಗಂಟನ್ನು ಎದೆಗೆ ಅಪ್ಪಿಕೊಂಡು ಅವರ ಬೆನ್ನುಹತ್ತಿದ. ಅವನ ಹಿಂದೆ ಸೌಟು ಹಿಡಿದ ಸೀತವ್ವ, ಅವಳ ಹಿಂದೆ ಅಳುತ್ತ ಚಂದ್ರಾಬಾಯಿ.

ನಡು ಓಣಿಯಲ್ಲಿ ಗಂಟು ಇಳಿಸಿ ಅವನು ಕೌದಿ ಬಿಚ್ಚಿದ. ಹಿಟ್ಟು ಕಿತ್ತು ಮುಚ್ಚಳ ತೆಗೆದ. ಒಳಗೆ ನುಚ್ಚು ಹೂವಿನಂತೆ ಅರಳಿ ಬೆಂದಿತ್ತು.

ಮೊದಲು ಬುಡ್ಡೇಸಾಬ ನಕ್ಕ. ನಗು ಓಣಿಯ ಈ ತುದಿಯಿಂದ ಆ ತುದಿಗೆ ಹಬ್ಬಿತು. ಗೊಲ್ಲಾಳಪ್ಪ ಎಲ್ಲವನ್ನೂ ಒಪ್ಪಿಕೊಂಡ. ಕಟ್ಟಿಗೆ ಉಳಿಸುವ ಸಲುವಾಗಿ, ತೊಲೆ ಹಾಕಿಸುವ ಸಲುವಾಗಿ, ಉಗಿಯ ಸದ್ದು, ಅಷ್ಟೇ.

"ಹಂಗಾರ ಹಗೇವಿನ್ಯಾಗ ಜೋಳ ಇಲ್ಲೇನ ಯಣ್ಣಾ?" ಮುರಿಗೆವ್ವ ಕೇಳಿದಳು. ಅವಳ ದನಿಯಲ್ಲಿ ಬಬಲೇಶ್ವರದ ಬಸ್ಸು ಆಗಲೇ ಹೊರಟಿತ್ತು.

"ಇಲ್ಲವಾ," ಎಂದ ಗೊಲ್ಲಾಳಪ್ಪ. ಮಾನ ಹೋಯಿತು. ಆದರೂ ಸೊಂಟದ ಚೀಲ ಭದ್ರವಾಗಿತ್ತು. ಎಷ್ಟೋ ದಿನದ ಮೇಲೆ ಅವನೂ ನಕ್ಕ.

ಆಗ, ಯಾರೂ ಇಲ್ಲದ ಮನೆಯೊಳಗಿನಿಂದ, ಸದ್ದು ಬಂತು.

"ಹೂಂ..."

ನಗು ಹೊಸಕಿದ ಬತ್ತಿಯಂತೆ ಆರಿತು. ಗಡಿಗೆ ಗೊಲ್ಲಾಳಪ್ಪನ ಕಾಲ ಬಳಿ ಇತ್ತು. ಸೀತವ್ವ ಪಕ್ಕದಲ್ಲಿದ್ದಳು, ಚಂದ್ರಾಬಾಯಿ ಪಕ್ಕದಲ್ಲಿದ್ದಳು. ಹಾರುಹೊಡೆದ ಬಾಗಿಲಿನ ಆಚೆ ಬರಿ ಕತ್ತಲೆ. ಬಿಸಿಲು ನೆತ್ತಿಯ ಮೇಲಿತ್ತು, ಆದರೂ ಅಷ್ಟೂ ಜನಕ್ಕೆ ಚಳಿ ಹಿಡಿದಂತಾಯಿತು. ಒಂದು ನಾಯಿ ಎದ್ದು, ಬಾಲ ಮುದುರಿ, ಮನೆಯ ಕಡೆ ನೋಡದೆ ಹೋಯಿತು.

ಮತ್ತೊಮ್ಮೆ ಬಂತು. ಈ ಸಲ ಹೂಂ ಅಲ್ಲ. ಕೇಳಿಸಿಕೊಂಡವರಿಗೆ ಅದು ಅಳುವಂತೆ ಕೇಳಿತು. ಆಮೇಲೆ ಟಪ್ಪೆಂದು ಒಂದೇ ಪೆಟ್ಟು. ಪಡಸಾಲೆಯ ಮಾಳಿಗೆ, ತೊಲೆ, ಜಂತಿ, ಹಿರಿಯರ ಕಾಲದ ಮಣ್ಣು ಎಲ್ಲವೂ ಒಟ್ಟಿಗೆ ಕೆಳಗೆ ಕುಳಿತವು. ಬಾಗಿಲಿನಿಂದ ಧೂಳು ಒಂದು ದೊಡ್ಡ ಉಸಿರಿನ ಹಾಗೆ ಹೊರಗೆ ಬಂದು ಎಲ್ಲರ ಮುಖ ಮುಚ್ಚಿತು.

ಧೂಳು ಇಳಿದ ಮೇಲೆ ಬುಡ್ಡೇಸಾಬ ಒಬ್ಬನೇ ಒಳಗೆ ಹೋದ. ಬರುವಾಗ ಅವನ ಕೈಯಲ್ಲಿ ನಡುಗಂಬದ ಬುಡದ ತುಂಡು ಇತ್ತು. ಅದನ್ನು ಗೊಲ್ಲಾಳಪ್ಪನ ಮುಂದೆ ಹಿಡಿದು ಬೆರಳಿನಿಂದ ಒತ್ತಿದ. ಕಂಬ ಹಪ್ಪಳದಂತೆ ಮುರಿಯಿತು. ಒಳಗೆ ಬಿಳಿ ಗೆದ್ದಲು ಮಿಜಿಗುಡುತ್ತಿದ್ದವು.

"ಹಗೇವಿಗೆ ಹುಲ್ಲ ಯಾವಾಗ ತುಂಬಿದಿ?"

"ಬ್ಯಾಸಗ್ಯಾಗ."

"ದಿನಾ ಬಿಸಿ ಉಗಿ, ಹಸಿ ಹುಲ್ಲ, ಕತ್ತಲಿ. ಅವಕ್ಕ ಇನ್ನೇನ ಬೇಕೋ ಮಾರಾಯಾ? ಐದ ತಿಂಗಳ ಸಾಕೀದಿ. ಹುಲ್ಲ ಮುಗಿಸಿ ಕಂಬಕ್ಕ ಏರ್ಯಾವ. ಮುಂಜಾನಿಂದ ಹೂಂಗುಟ್ಟಿದ್ದ ಈ ಕಂಬ. ಭಾರ ತಡೀಲಾರದ ಒದ್ದಾಡೈತಿ." ಬುಡ್ಡೇಸಾಬ ನಿಟ್ಟುಸಿರು ಬಿಟ್ಟ. "ಸಾಗವಾನಿ ಕಂಬ. ನಿನ್ನ ಮೊಮ್ಮಕ್ಕಳ ತನಕಾ ಬರತಿತ್ತು."

ಗೊಲ್ಲಾಳಪ್ಪ ಅಲ್ಲಿಯೇ ಮಣ್ಣಿನಲ್ಲಿ ಕುಳಿತ. ಉಳಿಸಿದ ಒಂದೊಂದು ಕಟ್ಟಿಗೆಯ ಲೆಕ್ಕ ಅವನಿಗೆ ಕಂಬದೊಳಗೆ ಕಾಣಿಸಿತು. ಅಡುಗೆಮನೆ, ದನದ ಕೊಟ್ಟಿಗೆ ನಿಂತಿದ್ದವು. ನಡುವೆ ಆಕಾಶ.

ಆದರೆ ಬುಡ್ಡೇಸಾಬನ ಮಾತು ಉಳಿದವರ ಕಿವಿಗೆ ಹೋಗಲಿಲ್ಲ. ಅವರು ತಲೆ ಎಣಿಸುತ್ತಿದ್ದರು. ಇಪ್ಪತ್ತೆರಡು ಜನ ಆ ಮಾಳಿಗೆಯ ಕೆಳಗೆ ನಿಂತಿದ್ದರು. ಒಬ್ಬರಿಗೂ ಗಾಯವಿಲ್ಲ.

"ಉಳಿಸಿದ ನಮ್ಮನ್ನ," ಎಂದು ಮುರಿಗೆವ್ವ ಅಳತೊಡಗಿದಳು. "ಹೊರಗ ಹೋಗ್ರಿ, ಹೋಗ್ರಿ ಅಂತ ಮಣ್ಣ ತೂರಿ ಹೇಳಿದ."

ಈರಯ್ಯನವರು ಹೆಗಲ ಮೇಲಿನ ವಸ್ತ್ರ ಕೊಡವಿ ನೆಲಕ್ಕೆ ಹಾಸಿದರು. "ಹಾಕ್ರಿ ಎಲ್ಲಾರೂ, ಕೈಲಾದಷ್ಟ. ಈ ಜಾಗಾದಾಗ ಮೊದಲಿಗೆ ಒಂದ ಸೂರ ಆಗಬೇಕು. ದೀಪಾವಳಿ ಒಳಗ ಆಗಬೇಕು."

ಆಣೆ, ಎಂಟಾಣೆ, ರೂಪಾಯಿ ಬೀಳತೊಡಗಿದವು. ಎಮ್ಮೆಯ ಹೆಂಗಸು ಐದು ರೂಪಾಯಿ ಹಾಕಿದಳು. ಗೊಲ್ಲಾಳಪ್ಪನ ಕಣ್ಣು ತುಂಬಿ ಬಂದವು. ಇಷ್ಟು ವರ್ಷ ಈ ಮಂದಿಯನ್ನು ಬರೀ ಮೂಗು ತೂರಿಸುವವರು ಎಂದುಕೊಂಡಿದ್ದನಲ್ಲ! ಎದ್ದು ಈರಯ್ಯನವರ ಪಾದ ಮುಟ್ಟಿದ.

"ಅಯ್ನಾರ, ನಿಮ್ಮ ಋಣ ಹ್ಯಾಂಗ ತೀರಸಲಿ? ನನ್ನ ಮನಿಗೆ ಸೂರ..."

"ನಿನಗಲ್ಲೋ ತಮ್ಮಾ, ರಾಯಪ್ಪಗ," ಎಂದರು ಈರಯ್ಯನವರು. "ಇಷ್ಟ ಮಂದಿ ಜೀವಾ ಉಳಿಸಿದಾಂವ ಬಯಲಾಗ ಇರಬೇಕೇನು? ಹಗೇವಿನ ಮ್ಯಾಲ ಸಣ್ಣದೊಂದ ಗುಡಿ. ಮನಿ ಯಜಮಾನ ನೀ. ದೊಡ್ಡ ಪಾಲ ನಿಂದ ಇರಬೇಕು."

"ಅಯ್ನಾರ, ಅದು ಗೆದ್ದಲ್ರೀ..."

ಇಪ್ಪತ್ತೊಂದು ಮುಖ ಅವನ ಕಡೆ ತಿರುಗಿದವು.

"ಹಂಗ ಅನಬ್ಯಾಡ ಯಣ್ಣಾ," ಮುರಿಗೆವ್ವ ಪಿಸುಗುಟ್ಟಿದಳು. "ಅವಗ ಕೇಳಸತೈತಿ."

ಅಮಾವಾಸ್ಯೆಯ ಮಧ್ಯಾಹ್ನ ಓಣಿಯ ಮೇಲೆ ಮುಚ್ಚಳದಂತೆ ಕುಳಿತಿತ್ತು. ಬಿದ್ದ ಮನೆಯ ರಾಶಿಯ ತುದಿಯಿಂದ ಒಂದು ಹೆಂಟೆ, ಯಾರೂ ಮುಟ್ಟದೆ, ಗಾಳಿಯೂ ಇಲ್ಲದೆ, ಮೆಲ್ಲಗೆ ಉರುಳಿ ಬಂದು ಗೊಲ್ಲಾಳಪ್ಪನ ಕಾಲ್ಬೆರಳಿಗೆ ತಾಗಿ ನಿಂತಿತು.

ಅವನು ಬುಡ್ಡೇಸಾಬನ ಕಡೆ ನೋಡಿದ. ಗೆದ್ದಲಿನ ಮಾತು ಹೇಳಿದವನು ಅವನೊಬ್ಬನೇ. ಬುಡ್ಡೇಸಾಬನೂ ಎರಡು ಹೆಜ್ಜೆ ಹಿಂದೆ ಸರಿದಿದ್ದ.

ಗೊಲ್ಲಾಳಪ್ಪ ಚೀಲ ಬಿಚ್ಚಿ ವಸ್ತ್ರದ ಮೇಲೆ ಮಗುಚಿದ.

ಈರಯ್ಯನವರು ತೃಪ್ತಿಯಿಂದ ಅವನ ಬೆನ್ನು ತಟ್ಟಿದರು. "ಚಿಂತಿ ಮಾಡಬ್ಯಾಡ. ಮಳಿ ಬಂದರ ನಿಮ್ಮ ಮನಿ ಮಂದಿ ಗುಡಿ ಜಗಲಿ ಮ್ಯಾಲ ನಿಲ್ಲಾಕ ನಮ್ಮದೇನ ತಕರಾರ ಇಲ್ಲ. ಅಲ್ಲಿ ಮಲಗಂಗಿಲ್ಲ, ಅಷ್ಟ."