ಸೊಳ್ಳೆ ಹಿಡಿಯುವ ಸೊಸೆ

ಕಂಡವರ ದನದ ಕೊಟ್ಟಿಗೆಯಲ್ಲೂ ಕಂಡವರ ನೀರಿನ ಟಾಕಿಯಲ್ಲೂ ದಿನಾ ತಲೆ ಹಾಕುವವಳಿಗೆ ಒಂದಿಲ್ಲೊಂದು ಆಗುತ್ತಲೇ ಇರುತ್ತದೆ. ಮೊದಲನೆಯದು ಆದದ್ದು ನನ್ನ ಮನೆಯಲ್ಲೇ.

ಸಿಟ್ಟಿಗೆದ್ದ ಬೀಗರು

ಮಲೇರಿಯಾ ಹರಡುವ ಸೊಳ್ಳೆಗಳ ಸಂಶೋಧನೆಗೆ ಬಾಗಲಕೋಟೆಯಿಂದ ಒಂದು ತಂಡ ನಮ್ಮೂರಿಗೆ ಬಂದಿತ್ತು. ಸೊಳ್ಳೆ ಹಿಡಿಯಲು ಇಲಕಲ್ಲಿನವರೇ ಬೇಕು ಎಂದರು. ನಾನು ಹೋಗುತ್ತೇನೆ ಎಂದಾಗ ಮೊದಲು ನಕ್ಕವರು ನನ್ನ ಗಂಡನ ಅಣ್ಣ. ಅವರ ಎದುರಿನ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ನಾನೂ ಸೀರೆ ನೇಯುತ್ತಿದ್ದೆ.

"ಏಳನೇ ಇಯತ್ತೆ ಪಾಸಾಗಿಲ್ಲ, ಸೊಳ್ಳಿ ಶಾಸ್ತ್ರ ಮಾಡ್ತಾಳಂತ," ಅಂದರು ಭಾವ. "ವರ್ಷ ತುಂಬೂದ್ರಾಗ ಇದ ಗುಂಡ್ಯಾಗ ಬಂದು ಕಾಲ ಇಳಿಬಿಡಲಿಲ್ಲಂದ್ರ ಕೇಳ್ರಿ."

ಸಾಲೆ ಬಿಟ್ಟದ್ದು ಖರೆ. ಓದು ಬಿಟ್ಟಿರಲಿಲ್ಲ. ನೂಲು ಸುತ್ತಿ ಬರುತ್ತಿದ್ದ ಹಳೆಯ ಪತ್ರಿಕೆಗಳನ್ನು ಮಗ್ಗದ ಪಕ್ಕ ಹರವಿಕೊಂಡು ಓದಿದವಳು ನಾನು. ಹರಿದ ಹಾಳೆಗಳಾದ್ದರಿಂದ ಎಷ್ಟೋ ಕಥೆಗಳ ಕೊನೆ ಮಾತ್ರ ಇಂದಿಗೂ ಗೊತ್ತಿಲ್ಲ.

ತಂಡದ ಮುಖ್ಯಸ್ಥೆ ಡಾಕ್ಟರ್ ಮೇಡಂ ಎರಡು ಗಾಜಿನ ಶೀಶೆ ಮುಂದಿಟ್ಟು, ಒಳಗಿನ ಸೊಳ್ಳೆಗಳಲ್ಲಿ ಏನು ವ್ಯತ್ಯಾಸ ಎಂದು ಕೇಳಿದರು. ಸೆರಗಿನ ಎಳೆಗೆ ಎಳೆ ಕೂಡಿಸಿದ ಕಣ್ಣು ನನ್ನದು, ಥಟ್ಟನೆ ಕಂಡಿತು.

"ಇದು ಸುಮ್ಮನ ಕುಂತೈತಿ ನೋಡ್ರಿ. ಅದು ಹಿಂಭಾಗ ಎತ್ತಿಕೊಂಡು, ಮದುವ್ಯಾಗ ಸಿಟ್ಟಿಗೆದ್ದ ಬೀಗರು ಈಗ ಎದ್ದ ಹೋಗ್ತೇನಿ ಅಂತ ಕುಂತಂಗ ಕುಂತೈತಿ."

ಮೇಡಂ ಬಿದ್ದು ಬಿದ್ದು ನಕ್ಕರು. ಆ ಬೀಗರೇ ಮಲೇರಿಯಾ ತರುವ ಸೊಳ್ಳೆಯಂತೆ. ಕೆಲಸ ಸಿಕ್ಕಿತು.

ಶಿರೂರಿನ ಎಮ್ಮೆ

ಕೊಟ್ಟಿಗೆಯ ಗೋಡೆಯ ಮೇಲೆ ಕೂತ ಸೊಳ್ಳೆಯನ್ನು ಹಿಡಿಯಲು ಒಂದು ಗಾಜಿನ ಕೊಳವೆ ಇರುತ್ತದೆ. ಅದರ ರಬ್ಬರಿನ ತುದಿಯನ್ನು ಬಾಯಲ್ಲಿಟ್ಟು ಉಸಿರೆಳೆದರೆ ಸೊಳ್ಳೆ ಒಳಗೆ ಬಂದು ಬೀಳುತ್ತದೆ. ನಡುವೆ ಜಾಳಿಗೆ ಇರುವುದರಿಂದ ಬಾಯಿಗೆ ಬರುವುದಿಲ್ಲ.

ಒಂದು ಬೆಳಿಗ್ಗೆ ಶಿರೂರಿನಲ್ಲಿ ಹಾಗೆ ಹಿಡಿಯುತ್ತಿದ್ದಾಗ ಎಮ್ಮೆಯ ಒಡತಿ ಅಜ್ಜಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಮಾಟ ಅಂದುಕೊಂಡಾಳೆಂದು ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಈ ಸೊಳ್ಳೆಗಳ ಹೊಟ್ಟೆಯಲ್ಲಿರುವುದು ಮನುಷ್ಯರ ರಕ್ತವೋ ಎಮ್ಮೆಯದೋ ಎಂದು ಬಾಗಲಕೋಟೆಯಲ್ಲಿ ನೋಡುತ್ತಾರೆ ಎಂದೆ. ಅಜ್ಜಿ ಕೊಳವೆಯನ್ನು ಕಣ್ಣಿನ ಹತ್ತಿರ ಹಿಡಿದು, ಕೆಂಪಗೆ ಉಬ್ಬಿದ ಹೊಟ್ಟೆಗಳನ್ನು ನೋಡಿದಳು.

"ಇದು ನನ್ನ ಎಮ್ಮಿ ರಕ್ತ. ಇವತ್ತ ಶುಕ್ರವಾರ, ನಮ್ಮ ಮನೀದು ಏನೂ ಹೊಸ್ತಿಲಾ ದಾಟಂಗಿಲ್ಲ. ಬಿಟ್ಟ ಹೋಗು. ನಾಳೆ ಬಂದು ಒಯ್ಯು."

ಹಿಡಿದವನ್ನೆಲ್ಲ ಕೊಟ್ಟಿಗೆಯಲ್ಲೇ ಬಿಟ್ಟು ಬಂದು, ಶನಿವಾರ ಮತ್ತೆ ಹೋದೆ. ಅಜ್ಜಿ ಚಹಾ ಕೊಟ್ಟು, ಕೊಟ್ಟಿಗೆಯ ಬಾಗಿಲು ತೆರೆದು, "ಎಣಿಸಿ ಒಯ್ಯವ್ವಾ," ಅಂದಳು.

ಅತ್ತೆಯ ಟಾಕಿ

ಇದು ಇಲಕಲ್ಲಿನ ನಮ್ಮ ಓಣಿಯ ಕಥೆ. ನಲ್ಲಿಗೆ ದಿನಾ ನೀರು ಬರುವುದಿಲ್ಲ, ಹಾಗಾಗಿ ಮನೆಮನೆಗೆ ಟಾಕಿ. ಟಾಕಿಯಲ್ಲಿ ಸೊಳ್ಳೆಯ ಮರಿ. ಬಳಸುವ ನೀರಿನ ಟಾಕಿಗಳಿಗೆ ಗಪ್ಪಿ ಮೀನು ಬಿಟ್ಟರೆ ಅವು ಮರಿಗಳನ್ನು ತಿಂದು ಮುಗಿಸುತ್ತವೆಯೇ ಎಂದು ನೋಡಬೇಕಿತ್ತು. ಫಲ ಕಂಡರೆ ತಂಡ ಇಲ್ಲೇ ಉಳಿಯುತ್ತದೆ. ಕಾಣದಿದ್ದರೆ ಬೇರೆ ಊರಿಗೆ ಹೋಗುತ್ತದೆ, ನನ್ನ ಕೆಲಸವೂ ಅಲ್ಲಿಗೆ ಮುಗಿಯುತ್ತದೆ. ಇದು ಭಾವನಿಗೂ ಗೊತ್ತಿತ್ತು. ನನ್ನ ಮಗ್ಗದ ಗುಂಡಿಯನ್ನು ಅವರೇ ಗುಡಿಸಿ ಇಡತೊಡಗಿದರು.

ಮೀನು ತಿನ್ನದ ಓಣಿ ನಮ್ಮದು. ಮೊದಲು ನಿಮ್ಮ ಮನೆಯಲ್ಲಿ ಬಿಡಿ, ಆಮೇಲೆ ನಮ್ಮಲ್ಲಿ ಎಂದರು. ಅತ್ತೆ ಒಪ್ಪಿದರು. ಹಿಂದಿನ ವರ್ಷ ಮಲೇರಿಯಾ ಬಂದು, ಕೌದಿಯ ಮೇಲೆ ಕೌದಿ ಹೊದ್ದರೂ ಗಡಗಡ ನಡುಗಿದವರು ಅವರು.

ಕೆಲವು ವಾರಗಳಲ್ಲಿ ಇಡೀ ಓಣಿಯ ಟಾಕಿಗಳು ಶುದ್ಧವಾದವು, ನಮ್ಮದೊಂದನ್ನು ಬಿಟ್ಟು. ಸೊಳ್ಳೆ ಹಿಡಿಯುವವಳು ಮನೆಯಲ್ಲೇ ಸೊಳ್ಳೆ ಸಾಕಿದ್ದಾಳೆ ಎಂದು ಓಣಿ ನಕ್ಕಿತು. ವಿಚಿತ್ರವೆಂದರೆ ಮಂಗಳವಾರ ಬೆಳಿಗ್ಗೆ ನೋಡಿದರೆ ಮಾತ್ರ ನಮ್ಮ ಟಾಕಿಯಲ್ಲಿ ಒಂದು ಮರಿಯೂ ಇರುತ್ತಿರಲಿಲ್ಲ. ಎಷ್ಟೋ ಊರು ಸುತ್ತಿದ ಮೇಡಂ ಕೂಡ, ವಾರ ನೋಡಿ ನಡೆಯುವ ಸೊಳ್ಳೆಯನ್ನು ತಾವು ಕಂಡಿಲ್ಲ ಎಂದರು.

ಒಂದು ಮಧ್ಯಾಹ್ನ ಮೇಡಂ ಮತ್ತು ನಾನು ಹಿತ್ತಲ ಬಾಗಿಲ ಮರೆಯಲ್ಲಿ ನಿಂತೆವು. ಊಟವಾದ ಮೇಲೆ ಅತ್ತೆ ಕೈಯಲ್ಲಿ ಜೋಳದ ರೊಟ್ಟಿ ಹಿಡಿದು ಬಂದರು. ಟಾಕಿಯ ಕಟ್ಟೆಗೆ ಕೂತು ರೊಟ್ಟಿಯನ್ನು ನುಣ್ಣಗೆ ಪುಡಿ ಮಾಡಿ ಹಾಕಿದರು.

"ಹೊಟ್ಟಿ ತುಂಬ ತಿನ್ರೆವ್ವಾ. ನಮ್ಮ ಮನ್ಯಾಗ ಇದ್ದ ಮ್ಯಾಲ ಹುಳಾ ಹುಪ್ಪಡಿ ತಿನ್ನಬಾರದು."

ನಾನು ಹೊರಗೆ ಬಂದು, ಸೋಮವಾರ ಏನು ಹಾಕುತ್ತೀರಿ ಎಂದು ಕೇಳಿದೆ.

"ಸೋಮವಾರ ನಂದು ಉಪಾಸಲ್ಲೇನ? ಅವೂ ನನ್ನ ಕೂಡ ಉಪಾಸ ಮಾಡ್ತಾವು, ಪಾಪ."

ಆ ಪಾಪದ ಮೀನುಗಳು ಸೋಮವಾರ ಟಾಕಿಯಲ್ಲಿದ್ದ ಮರಿಗಳನ್ನೆಲ್ಲ ತಿಂದು ತೇಗುತ್ತಿದ್ದವು. ಮೇಡಂ ಬಾಯಿಗೆ ಸೆರಗು ಒತ್ತಿಕೊಂಡು ಆಚೆ ಹೋದರು. ರೊಟ್ಟಿ ಹಾಕಬೇಡಿ ಅಂದರೆ ಅತ್ತೆ ಕೇಳುವವರಲ್ಲ, ಅವರ ಮನೆಯಲ್ಲಿ ಯಾವ ಜೀವವೂ ಹಸಿದು ಮಲಗಬಾರದು. ನಾನೂ ಸೋಲುವವಳಲ್ಲ.

"ಅತ್ತೀ, ಶ್ರಾವಣ ಬಂತಲ್ರಿ. ಇಡೀ ತಿಂಗಳ ವ್ರತಾ ಹಿಡಸ್ರಲ್ಲ ಅವಕ್ಕ."

ಅತ್ತೆ ಒಂದು ಗಳಿಗೆ ಯೋಚಿಸಿ, ಟಾಕಿಯ ಕಡೆ ತಿರುಗಿ ಕೈಮುಗಿದರು.

ಶ್ರಾವಣ ಮುಗಿಯಿತು. ನಮ್ಮ ಟಾಕಿಯಲ್ಲಿ ಯಾವ ವಾರ ನೋಡಿದರೂ ಒಂದು ಮರಿ ಇಲ್ಲ. ತಂಡ ಇಲಕಲ್ಲಿನಲ್ಲೇ ಉಳಿಯಿತು. ಅತ್ತೆ ಮಾತ್ರ ಇಂದಿಗೂ ಓಣಿಗೆಲ್ಲ ಹೇಳುತ್ತಾರೆ, ಮಲೇರಿಯಾ ಹೋದದ್ದು ಮೀನುಗಳ ವ್ರತದಿಂದ ಎಂದು. ವ್ರತ ಮುಗಿಸಿದವರಿಗೆ ಹೋಳಿಗೆ ಬಡಿಸಬೇಕೆಂದು ಹೊರಟಿದ್ದರು. ಆ ದಿನ ಟಾಕಿಗೆ ಕಾವಲು ನಿಂತು, ಅಷ್ಟೂ ಹೋಳಿಗೆಯನ್ನು ನಾನೇ ತಿಂದೆ.

ಆಮೇಲೆ ಬೇರೆ ಊರಿನವರೂ ಮೀನು ಕೇಳಿದರು. ಸಾಕಲು ಜಾಗ ಬೇಕಾಯಿತು. ಭಾವ ಗುಡಿಸಿಟ್ಟ ಗುಂಡಿ ಇತ್ತಲ್ಲ, ಅದಕ್ಕೆ ಸಿಮೆಂಟು ಬಳಿಸಿ ನೀರು ತುಂಬಿಸಿದೆ. ಈಗ ಹುನಗುಂದ, ಕಮತಗಿ, ಬಾದಾಮಿಗೆ ಹೋಗುವ ಮೀನು ನನ್ನ ಮನೆಯವು. ಆ ಗುಂಡಿಗೆ ಈಗ ಕಾಲು ಇಳಿಬಿಡುವವರು ಭಾವ, ಮೀನು ಹಿಡಿದು ಕೊಡಲು.

ಮೀನು ನನ್ನವು, ಗುಂಡಿ ನನ್ನದು, ಮೇಡಂ ಕಲಿಸಿ ಕೊಟ್ಟ ಸೂಕ್ಷ್ಮದರ್ಶಕ ನನ್ನದು. ಇದಕ್ಕೆಲ್ಲ ಕೊಟ್ಟ ಬೆಲೆ ನನ್ನ ಮಗ್ಗ. ಅದರ ಮೇಲೆ ನೇಯ್ದ ಕೊನೆಯ ಸೀರೆಯನ್ನು ಮಾರಲಿಲ್ಲ. ಪ್ರತಿ ಸೋಮವಾರ, ಅತ್ತೆಯ ಉಪವಾಸದ ದಿನ, ಅದನ್ನೇ ಉಡುತ್ತೇನೆ.