ಜೂಲಿಯ ಕುಂಟು ಮತ್ತು ನನ್ನ ಮೂವತ್ತು ವರ್ಷದ ಅನುಭವ

ಕುಂಟುವ ನಾಟಕವನ್ನು ಪತ್ತೆ ಹಚ್ಚುವುದರಲ್ಲಿ ಮೈಸೂರಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಇದು ಜಂಬವಲ್ಲ, ಅನುಭವ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು ನಾನು. ಮೈದಾನಕ್ಕೆ ಬರುವಾಗ ಬಲಗಾಲು ಕುಂಟಿ, ನಲ್ಲಿಗೆ ನೀರು ಕುಡಿಯಲು ಹೋಗುವಾಗ ಎಡಗಾಲು ಕುಂಟಿದ ಮಹಾನುಭಾವರನ್ನು ನೋಡಿದ್ದೇನೆ. ಎಲ್ಲರನ್ನೂ ಎರಡು ಸುತ್ತು ಹೆಚ್ಚಾಗಿ ಓಡಿಸಿದ್ದೇನೆ. ಒಬ್ಬರೂ ಸತ್ತಿಲ್ಲ. ರಿಟೈರ್ ಆದ ಮೇಲೆ ಈ ವಿದ್ಯೆಯೆಲ್ಲ ದಂಡವಾಯಿತಲ್ಲ ಎಂದು ಕೊರಗುತ್ತಿದ್ದಾಗ ನಮ್ಮ ಮನೆಗೆ ಜೂಲಿ ಬಂದಳು.

ಜೂಲಿ ಗ್ರೇಹೌಂಡ್ ನಾಯಿ. ವಿಜಯನಗರದಲ್ಲಿದ್ದ ನನ್ನ ಹಳೆಯ ಸಹೋದ್ಯೋಗಿಯೊಬ್ಬ ಶೋಕಿಗೆ ತಂದು ಸಾಕಿದ್ದ. ಅಪಾರ್ಟ್‌ಮೆಂಟಿಗೆ ಮನೆ ಬದಲಾಯಿಸುವಾಗ, "ಅಲ್ಲಿ ನಾಯಿ ಬಿಡಲ್ವಂತೆ ಕಣೋ ಡೊಮಿನಿಕ್" ಎಂದು ಹಳೇ ಸೋಫಾ ಕೊಡುವ ಹಾಗೆ ನನಗೆ ಕೊಟ್ಟುಬಿಟ್ಟ. ಅವನ ಮೇಲೆ ನನಗೆ ಇನ್ನೂ ಸಿಟ್ಟಿದೆ. ಕೊಟ್ಟಿದ್ದಕ್ಕಲ್ಲ, ಕೊಟ್ಟ ಮೇಲೆ ಒಂದೇ ಒಂದು ದಿನ ಫೋನ್ ಮಾಡಿ ಹೇಗಿದ್ದಾಳೆ ಎಂದು ಕೇಳಲಿಲ್ಲವಲ್ಲ, ಅದಕ್ಕೆ.

ಗ್ರೇಹೌಂಡ್ ಸಾಕಿದ ಮನೆಯಲ್ಲಿ ಮೊದಲು ಕಾಯಿಲೆ ಬರುವುದು ಯಜಮಾನನಿಗೆ. ಆ ಕಾಯಿಲೆಯ ಹೆಸರು ಬಿ.ಪಿ. ಈ ಜಾತಿಯ ನಾಯಿಗೆ ಎಷ್ಟು ಹಾಕಿದರೂ ಮೈಮೇಲೆ ಮಾಂಸ ಕಾಣುವುದಿಲ್ಲ. ಆರೋಗ್ಯವಾಗಿದ್ದಾಗಲೂ ಪಕ್ಕೆಲುಬು ಎದ್ದು ತೋರುತ್ತದೆ. ಇದನ್ನು ಸಿದ್ಧಾರ್ಥನಗರದ ನಮ್ಮ ರಸ್ತೆಗೆ ಅರ್ಥ ಮಾಡಿಸುವಷ್ಟರಲ್ಲಿ ನನ್ನ ಪ್ರಾಣ ಅರ್ಧವಾಯಿತು. ಎದುರು ಮನೆಯಲ್ಲಿ ನಂಜೇಗೌಡರು ಅಂತ ಇದ್ದಾರೆ. ನರಸೀಪುರದ ಕಡೆಯ ರೈತರ ಮನೆಯವರು, ಇಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ಜೂಲಿ ಬಂದ ಮೂರನೇ ದಿನವೇ ಗೇಟಿನ ಹತ್ತಿರ ನಿಂತರು.

"ಏನ್ ಮೇಷ್ಟ್ರೇ, ನಾಯಿಗೆ ಇಟ್ಟು ಆಕಲ್ವಾ? ಪಕ್ಕೆ ಮೂಳೆ ಎಣಿಸ್ಬೋದಲ್ಲ."

"ಗೌಡ್ರೇ, ಈ ಜಾತಿನೇ ಹೀಗೆ. ಓಡೋ ನಾಯಿ ಇದು."

"ಓಡೋಕಾದ್ರೂ ಒಟ್ಟೆಗೆ ಬೀಳ್ಬೇಕಲ್ಲ ಮೇಷ್ಟ್ರೇ."

ಮರುದಿನದಿಂದ ನಮ್ಮ ಗೇಟಿನ ಬಳಿ ದಿನಕ್ಕೊಂದು ರಾಗಿಮುದ್ದೆ ಪ್ರತ್ಯಕ್ಷವಾಗತೊಡಗಿತು. ನನಗೆ ಮೈಯೆಲ್ಲ ಉರಿಯಿತು. ನಾನು ನನ್ನ ನಾಯಿಯನ್ನು ಉಪವಾಸ ಕೆಡವುವ ಪಾಪಿಯೇ? ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಗೇಟಿಗೆ ಕಟ್ಟಿದೆ: 'ಈ ಮೂಲಕ ಸಮಸ್ತ ನೆರೆಹೊರೆಯವರಿಗೆ ತಿಳಿಯಪಡಿಸುವುದೇನೆಂದರೆ, ಸದರಿ ನಾಯಿಯು ಹಸಿದಿರುವುದಿಲ್ಲ. ಅದರ ಆಕಾರವೇ ಅಷ್ಟು.' ಗೌಡರು ನಿಂತು ಪೂರ್ತಿ ಓದಿದರು. "ಒಳ್ಳೇ ಅಕ್ಸರ ಮೇಷ್ಟ್ರೇ" ಎಂದು ಹೊಗಳಿ, ಅವತ್ತಿನ ಮುದ್ದೆಯನ್ನು ಆ ರಟ್ಟಿನ ಕೆಳಗೇ ಇಟ್ಟು ಹೋದರು.

ಹೀಗಿರುವಾಗ ಜೂಲಿ ಕುಂಟಲು ಶುರುಮಾಡಿದಳು. ಮುಂದಿನ ಬಲಗಾಲು. ಗೇಟು ದಾಟಿ ಕಾಂಕ್ರೀಟ್ ರಸ್ತೆಗೆ ಇಳಿದ ಕೂಡಲೇ ಕಾಲೆತ್ತಿಕೊಂಡು, ನನ್ನ ಮುಖ ನೋಡಿ, ನಿಂತುಬಿಡುವಳು. ಮೊದಲ ದಿನ ಗಾಬರಿಯಾಯಿತು. ಪಾದದ ಮೇಲೆ ಕೈಯಾಡಿಸಿದೆ, ಮುಳ್ಳಿಲ್ಲ, ಗಾಯವಿಲ್ಲ. ಹೇಗೋ ಎಳೆದುಕೊಂಡು ರಸ್ತೆಯ ಕೊನೆಯ ಖಾಲಿ ಸೈಟಿಗೆ ಹೋದೆ. ಅಲ್ಲಿ ಹುಲ್ಲು ಬೆಳೆದಿತ್ತು. ಹುಲ್ಲಿಗೆ ಕಾಲಿಟ್ಟದ್ದೇ ತಡ, ಜೂಲಿ ಬಾಣದ ಹಾಗೆ ಹಾರಿದಳು. ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ. ಕುಂಟು ಎಲ್ಲಿ? ಮಾಯ. ವಾಪಸು ರಸ್ತೆಗೆ ಬಂದೆವು. ಮತ್ತೆ ಕಾಲು ಮೇಲೆ.

ನನ್ನೊಳಗಿನ ಪಿ.ಟಿ. ಮೇಷ್ಟ್ರು ಎದ್ದು ನಿಂತರು. ಮನೆಗೆ ಬಂದು ಹೆಂಡತಿ ಲಿಲ್ಲಿಗೆ ತೀರ್ಪು ಹೇಳಿದೆ.

"ನಾಟಕ ಕಣೇ. ಆಟ ಅಂದ್ರೆ ಕಾಲು ಸರಿಯಿರತ್ತೆ, ವಾಕಿಂಗ್ ಅಂದ್ರೆ ಕುಂಟು."

"ನಾಯಿಗೆ ನಾಟಕ ಮಾಡೋಕೆ ಏನ್ರೀ ಬಂದಿರೋದು? ಡಾಕ್ಟ್ರಿಗೆ ತೋರ್ಸಿ."

"ತೋರಿಸ್ತೀನಿ. ನಿನ್ನ ಸಮಾಧಾನಕ್ಕೆ."

ಮೈಸೂರಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದವನಿಗೆ ಒಂದು ಅನುಕೂಲ ಉಂಟು. ಬ್ಯಾಂಕು, ಆಸ್ಪತ್ರೆ, ಪೊಲೀಸ್ ಸ್ಟೇಷನ್, ಎಲ್ಲಿಗೆ ಹೋದರೂ ಒಳಗಡೆ ಒಬ್ಬರಾದರೂ ಹಳೇ ಸ್ಟೂಡೆಂಟ್ ಇರುತ್ತಾರೆ. ನಾಯಿ ಡಾಕ್ಟರ ವಿಷಯದಲ್ಲೂ ಹಾಗೇ ಆಯಿತು. ನನ್ನನ್ನು ಕಂಡ ತಕ್ಷಣ ಕುರ್ಚಿಯಿಂದ ಎದ್ದು ನೆಟ್ಟಗೆ ನಿಂತಳು. "ಸರ್, ನಾನು ಸಹನಾ, ಬಿ ಸೆಕ್ಷನ್." ನನಗೆ ಪರಮಾನಂದ. ಡಾಕ್ಟರಾದರೂ ಮಗುವಿಗೆ ನನ್ನ ಭಯ ಬಿಟ್ಟಿಲ್ಲ.

"ಏನಾಗಿದೆ ಸರ್ ಇವಳಿಗೆ?"

"ಏನೂ ಆಗಿಲ್ಲಮ್ಮ, ನಾಟಕ. ರಸ್ತೆ ಮೇಲೆ ಕುಂಟ್ತಾಳೆ, ಹುಲ್ಲಿನ ಮೇಲೆ ಓಡ್ತಾಳೆ. ನೀನೇ ಹೇಳು, ನಿಜವಾದ ನೋವು ಜಾಗ ನೋಡ್ಕೊಂಡು ಬರತ್ತಾ?"

ಅವಳ ಕೋಣೆಯಲ್ಲಿ ನೆಲಕ್ಕೆ ದಪ್ಪ ರಬ್ಬರ್ ಹಾಸಿತ್ತು. ಅದರ ಮೇಲೆ ಜೂಲಿ ರಾಣಿಯ ಹಾಗೆ ನಡೆದು ತೋರಿಸಿದಳು. ಈ ಜಾತಿಗೆ ಕಾಲಿನ ಮೂಳೆಯಲ್ಲಿ ಕೆಟ್ಟ ಗಡ್ಡೆ ಬರುವುದುಂಟು ಸರ್ ಎಂದು ಸಹನಾ ಎಕ್ಸ್‌ರೇ ತೆಗೆದಳು. ಆ ಹತ್ತು ನಿಮಿಷ ನನ್ನ ಎದೆ ಹೊಡೆದುಕೊಂಡಿದ್ದು ನನಗೇ ಗೊತ್ತು. ಮೂಳೆಯಲ್ಲಿ ಏನೂ ಇರಲಿಲ್ಲ. ಹೋದ ಉಸಿರು ಬಂತು, ಉಸಿರಿನ ಜೊತೆ ಧಿಮಾಕೂ ಬಂತು.

"ನೋಡಿದ್ಯಾ? ನಾನು ಹೇಳಲಿಲ್ವಾ?"

"ಸರ್, ಪಾದದ ಅಡಿ ಒಂದ್ಸಲ ಸರಿಯಾಗಿ..."

"ನಾನು ನೋಡಿದ್ದೀನಮ್ಮ. ಏನಿಲ್ಲ."

ಸಹನಾ ಕೈ ಹಿಂದಕ್ಕೆ ತೆಗೆದುಕೊಂಡಳು. "ಸರಿ ಸರ್" ಎಂದಳು.

ಅಲ್ಲಿಂದ ಶುರುವಾಯಿತು ನನ್ನ ತರಬೇತಿ ಶಿಬಿರ. ಬೀರುವಿನಿಂದ ಹಳೆಯ ಸೀಟಿ ತೆಗೆದೆ. ಬೆಳಗ್ಗೆ ಆರೂವರೆಗೆ ಸರಿಯಾಗಿ ಜೂಲಿಯನ್ನು ರಸ್ತೆಗಿಳಿಸಿ, ಸೀಟಿ ಊದಿ, ಲೆಫ್ಟ್ ರೈಟ್ ಹೇಳುತ್ತಾ ಈ ತುದಿಯಿಂದ ಆ ತುದಿಗೆ ನಾಲ್ಕು ಸಲ. ಹುಲ್ಲಿನ ಆಟ ಬಂದ್. ಅವಳು ಕುಂಟಿದಷ್ಟೂ ನನಗೆ ರೇಗುತ್ತಿತ್ತು, ರೇಗಿದಷ್ಟೂ ಸೀಟಿ ಜೋರಾಗುತ್ತಿತ್ತು. ಗೌಡರು ಹಲ್ಲುಜ್ಜುತ್ತಾ ಹೊರಗೆ ಬಂದರು.

"ಇಟ್ಟಿಲ್ದೆ ಕುಂಟ್ತಾ ಅದೆ, ಅದ್ರ ಮೇಲೆ ಪರೇಡ್ ಬೇರೆ. ಬುಟ್ಬುಡಿ ಮೇಷ್ಟ್ರೇ, ಪಾಪ."

"ನಿಮ್ಮ ಕೆಲಸ ನೋಡ್ಕೊಳ್ಳಿ ಗೌಡ್ರೇ!"

ಮೂವತ್ತು ವರ್ಷ ಹುಡುಗರಿಗೆ ಕೂಗಿದ ಗಂಟಲು ಅದು. ಇಡೀ ರಸ್ತೆಯ ಕಿಟಕಿಗಳು ತೆರೆದುಕೊಂಡವು.

ಎಂಟನೇ ದಿನ ಜೂಲಿ ಮೆಟ್ಟಿಲು ಇಳಿಯಲಿಲ್ಲ. ಸೀಟಿ ಊದಿದೆ. ಕಿವಿ ಹಿಂದಕ್ಕೆ ಮಡಚಿ, ಮೈ ನಡುಗಿಸುತ್ತಾ, ನನ್ನಿಂದ ದೂರ ಗೋಡೆಗೆ ಅಂಟಿಕೊಂಡಳು. ಬಟ್ಟಲಿನ ಊಟ ಹಿಂದಿನ ದಿನದ್ದು ಹಾಗೇ ಇತ್ತು. ನನ್ನ ಕಣ್ಣಿಗೆ ಅದೂ ಮೊಂಡಾಟವಾಗಿಯೇ ಕಂಡಿತು ಎಂದರೆ ನನ್ನ ತಲೆ ಎಷ್ಟು ಕೆಟ್ಟಿತ್ತು ನೋಡಿ. ಎರಡನೇ ಸಲ ಸೀಟಿ ಬಾಯಿಗಿಡುವಷ್ಟರಲ್ಲಿ ಲಿಲ್ಲಿ ಅಡುಗೆಮನೆಯಿಂದ ಬಂದು ಅದನ್ನು ಕಿತ್ತುಕೊಂಡಳು.

"ಇನ್ನೊಂದ್ಸಲ ಊದಿದ್ರೆ ನಾನು ಸುಮ್ನಿರಲ್ಲ. ಭಾನುವಾರ ಪಾಪನಿವೇದನೆಗೆ ಹೋಗ್ತೀರಲ್ಲ, ಇದನ್ನೂ ಹೇಳಿ ಫಾದರ್ ಹತ್ರ."

ಅಷ್ಟೇ ಹೇಳಿದ್ದು. ಆಟೋ ಕರೆದು, ಜೂಲಿಯನ್ನು ಹತ್ತಿಸಿಕೊಂಡು ಹೊರಟೇಬಿಟ್ಟಳು. ನಾನು ಬಿಟ್ಟೇನೆಯೇ? ಸ್ಕೂಟರ್ ಹತ್ತಿ ಬೆನ್ನಟ್ಟಿದೆ. ಮನಸ್ಸಿನಲ್ಲಿ ವಾದವೆಲ್ಲ ಸಿದ್ಧವಾಗಿತ್ತು. ಕೋಣೆಗೆ ನುಗ್ಗಿ, "ನೋಡಮ್ಮ ಸಹನಾ" ಎಂದು ಬಾಯಿ ತೆರೆದೆ.

"ಸರ್, ನೀವು ಸ್ವಲ್ಪ ಹೊರಗೆ ಕೂತ್ಕೊಳಿ."

ಅವಳ ದನಿ ನಡುಗುತ್ತಿತ್ತು. ಆದರೆ ಬೆರಳು ಬಾಗಿಲನ್ನೇ ತೋರಿಸುತ್ತಿತ್ತು. ಜೀವಮಾನವಿಡೀ ಬೇರೆಯವರನ್ನು ಹೊರಗೆ ಕಳಿಸಿದವನು, ಒಂದು ಬೆಕ್ಕಿನ ಬುಟ್ಟಿ ಮತ್ತು ಒಬ್ಬ ಅಜ್ಜಿಯ ನಡುವೆ ಬೆಂಚಿನ ಮೇಲೆ ಕುಳಿತೆ. ಬಾಗಿಲ ಸಂದಿನಿಂದ ಜೂಲಿ ಒಂದು ಸಲ ಕುಂಯ್ ಎಂದದ್ದು ಕೇಳಿತು. ಆಮೇಲೆ ಕರೆದರು.

ಸಹನಾ ಜೂಲಿಯ ಪಾದ ಮಗುಚಿ ಹಿಡಿದಿದ್ದಳು. ಬೆರಳಿನಡಿಯ ಕಪ್ಪು ಮೆತ್ತೆಯ ನಡುವೆ ಹುರುಳಿಕಾಳಿನಷ್ಟು ಗುಂಡಗೆ, ಗಟ್ಟಿಯಾಗಿ ಏನೋ ಕೂತಿತ್ತು. ಬಣ್ಣ ಹೆಚ್ಚುಕಡಿಮೆ ಚರ್ಮದ್ದೇ. ಮೇಲೆ ಮೇಲೆ ಕೈಯಾಡಿಸಿದವನಿಗೆ ಸಿಗುವಂಥದ್ದಲ್ಲ.

"ಆಣಿ ಸರ್. ನಮ್ಮ ಕಾಲಿಗೆ ಆಗತ್ತಲ್ಲ, ಅಂಥದ್ದೇ. ಗ್ರೇಹೌಂಡ್‌ಗಳಿಗೆ ಜಾಸ್ತಿ. ಗಟ್ಟಿ ನೆಲ ತುಳಿದ್ರೆ ಒಳಗೆ ಒತ್ತಿ ಚುಚ್ಚತ್ತೆ, ಮೆತ್ತಗಿನ ಕಡೆ ನೋವು ಗೊತ್ತಾಗಲ್ಲ. ರಸ್ತೆ ಮೇಲೆ ಕುಂಟಿ ಹುಲ್ಲಿನ ಮೇಲೆ ಓಡೋದೇ ಇದ್ರ ಗುರುತು."

ನಾಟಕ ಎಂಬುದಕ್ಕೆ ನಾನು ಊರಿಗೆಲ್ಲ ಕೊಟ್ಟ ಸಾಕ್ಷಿಯೇ ರೋಗದ ಲಕ್ಷಣವಾಗಿತ್ತು. ಸಿಕ್ಕಿದ ಎಳೆ ಹಿಡಿದು ಕೂಗಾಡಿದೆ. "ಮತ್ತೆ ಅವತ್ತೇ ಯಾಕಮ್ಮ ಹೇಳ್ಲಿಲ್ಲ?"

"ಅವತ್ತೇ ನೋಡ್ಬೇಕಿತ್ತು ಸರ್, ತಪ್ಪು ನಂದೇ. ನೀವು ಬೈತೀರಾ ಅಂತ..." ಎಂದವಳು ತಲೆ ತಗ್ಗಿಸಿ, "ಸ್ಪೋರ್ಟ್ಸ್ ಡೇ ದಿನ ನಾನೂ ಒಂದ್ಸಲ ಕುಂಟಿದ್ದೆ ಸರ್. ಶೂ ಒಳಗೆ ಮೊಳೆ ಎದ್ದಿತ್ತು. ಎರಡು ಸುತ್ತು ಜಾಸ್ತಿ ಓಡ್ಸಿದ್ರಿ" ಎಂದಳು.

ನನಗೆ ಅದು ನೆನಪಿರಲಿಲ್ಲ. ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅದುವರೆಗೆ ಜೂಲಿಯ ಮೇಲೆ, ಗೌಡರ ಮೇಲೆ, ಲಿಲ್ಲಿಯ ಮೇಲೆ ಹಂಚಿಹೋಗಿದ್ದ ಸಿಟ್ಟೆಲ್ಲ ಒಟ್ಟಾಗಿ ನನ್ನ ಮೇಲೇ ತಿರುಗಿತು. ಅಂಥ ಸಿಟ್ಟು ನನಗೆ ಯಾರ ಮೇಲೂ ಬಂದಿದ್ದಿಲ್ಲ. "ಕ್ಷಮಿಸಮ್ಮ" ಎಂದೆ. ಅಭ್ಯಾಸವಿಲ್ಲದ ಮಾತು, ಸೀಟಿಯಂತೆ ಕೀರಲಾಗಿ ಹೊರಬಂತು.

ಸಹನಾ ಸಣ್ಣ ಅಲಗಿನಿಂದ ಆ ಆಣಿಯನ್ನು ಕೆರೆದು ತೆಗೆದಳು. ಮತ್ತೆ ಬೆಳೆಯಬಹುದು, ಆಗಾಗ ತರಬೇಕು ಎಂದಳು. ಹಚ್ಚಲು ಮುಲಾಮು ಕೊಟ್ಟಳು. ನಡೆದರೆ ಮಣ್ಣು, ಹುಲ್ಲು ಮಾತ್ರ. ರಸ್ತೆಯಲ್ಲಾದರೆ ಕಾಲಿಗೆ ಮೆತ್ತನೆಯ ಶೂ. ಪಶ್ಚಾತ್ತಾಪದ ಭರದಲ್ಲಿ ನಾನು ಮಂಡಿ ಮೊಹಲ್ಲಾಕ್ಕೆ ಓಡಿದೆ. ಅಲ್ಲಿ ಚಪ್ಪಲಿ ಹೊಲಿಯುವ ಒಬ್ಬರಿಗೆ ಕಾಗದದ ಮೇಲೆ ಅಳತೆ ತೋರಿಸಿದೆ.

"ಎಷ್ಟು ವರ್ಷದ ಮಗು ಸಾರ್?"

"ಐದು."

"ಒಂದೇ ಶೂ ಸಾಕಾ? ಎರಡು ಕಾಲಲ್ವಾ?"

"ನಾಲ್ಕು" ಎಂದೆ. ಆತ ಮತ್ತೇನೂ ಕೇಳದೆ ಹೊಲಿದುಕೊಟ್ಟ.

ಮೂರು ವಾರದಲ್ಲಿ ಜೂಲಿ ಸರಿಹೋದಳು. ಪೂರ್ತಿ ವಾಸಿ ಎಂದು ಸಹನಾಳೂ ಹೇಳಿದಳು. ಆದರೆ ಆ ಮೂರು ವಾರ ಜೂಲಿ ಕಾಲೆತ್ತಿದಾಗಲೆಲ್ಲ ನಾನು ಓಡಿಬಂದು ಬೇಯಿಸಿದ ಕೋಳಿ ಈಲಿ ತಿನ್ನಿಸಿದ್ದೆ. ಅದರಿಂದ ಅವಳು ಏನು ಕಲಿತಿರಬಹುದು ಎಂಬ ಯೋಚನೆ ಅನುಭವಿಯಾದ ನನಗೆ ಬರಲೇ ಇಲ್ಲ.

ಮೊನ್ನೆ ಬೆಳಗ್ಗೆ ಖಾಲಿ ಸೈಟಿನಿಂದ ವಾಪಸು ಬರುವಾಗ ಜೂಲಿ ನಡುರಸ್ತೆಯಲ್ಲಿ ನಿಂತು ಕಾಲೆತ್ತಿದಳು. ಎಡಗಾಲು. ಯಾವ ಕಾಲು ಎಂದು ನೋಡುವ ವ್ಯವಧಾನ ನನಗೆಲ್ಲಿತ್ತು? ಅಯ್ಯೋ ಕಂದ ಎಂದು ಬಾಗಿ, ನೀಳವಾದ ಆ ನಾಯಿಯನ್ನು ಎರಡು ತೋಳಿನಲ್ಲೂ ಎತ್ತಿಕೊಂಡೆ. ಮುಂಗಾಲು ಒಂದು ಕಡೆ, ಹಿಂಗಾಲು ಇನ್ನೊಂದು ಕಡೆ, ಮೂತಿ ನನ್ನ ಕಿವಿಯ ಹತ್ತಿರ. ಗೌಡರು ಗೇಟಿನಲ್ಲಿ ನಿಂತು ಈ ಮೆರವಣಿಗೆಯನ್ನು ಪೂರ್ತಿ ನೋಡಿದರು.

"ಇಟ್ಟು ಒಳ್ಳೆ ಕೆಲ್ಸ ಮಾಡ್ಯದೆ ಮೇಷ್ಟ್ರೇ, ಒಳ್ಳೆ ತೂಕ ಬಂದಂಗದೆ" ಎಂದರು.

ಏದುಸಿರು ಬಿಡುತ್ತಾ ನಮ್ಮ ಅಂಗಳ ತಲುಪಿ, ಅವಳನ್ನು ಹೂವಿನಂತೆ ನೆಲಕ್ಕಿಳಿಸಿದೆ. ಅದೇ ಹೊತ್ತಿಗೆ ಕಾಂಪೌಂಡಿನ ಮೇಲೆ ಒಂದು ಬೆಕ್ಕು ಬಂತು. ಜೂಲಿ ನಾಲ್ಕೂ ಕಾಲಿನಲ್ಲಿ, ಸಿಮೆಂಟಿನ ಮೇಲೆ, ಮನೆಗೆ ಮೂರು ಸುತ್ತು ಓಡಿದಳು. ನಾನು ಮಾತ್ರ ಬಾಗಿದಲ್ಲೇ ಇದ್ದೆ. ಸೊಂಟದಲ್ಲಿ ಏನೋ ಕಟಕ್ ಎಂದಿತ್ತು. ಏಳಲು ಬರಲಿಲ್ಲ, ಕೂರಲು ಬರಲಿಲ್ಲ.

ಲಿಲ್ಲಿ ಬಾಗಿಲಿಗೆ ಬಂದಳು. ಓಡುವ ನಾಯಿಯನ್ನು ನೋಡಿದಳು, ಬಗ್ಗಿ ನಿಂತ ನನ್ನನ್ನು ನೋಡಿದಳು.

"ಏನ್ರೀ ಅದು?"

"ಸೊಂಟ ಹಿಡ್ಕೊಂಡಿದೆ ಕಣೇ. ನಿಜವಾಗ್ಲೂ."

ನೋವಾಗಿದೆ ಎಂದು ಹೇಳುವಾಗ 'ನಿಜವಾಗ್ಲೂ' ಎಂದು ಸೇರಿಸಬೇಕಾದ ಗತಿಯನ್ನು ಈ ಮನೆಗೆ ತಂದವನು ನಾನೇ. ಲಿಲ್ಲಿ ಸೊಂಟಕ್ಕೆ ಕೈಯಿಟ್ಟು ನನ್ನ ಮುಖವನ್ನೇ ಸ್ವಲ್ಪ ಹೊತ್ತು ಪರೀಕ್ಷಿಸಿದಳು. ನಾನು ಸಾಧ್ಯವಾದಷ್ಟು ಪ್ರಾಮಾಣಿಕವಾಗಿ ನರಳಿದೆ.